ಹೌಸ್‌ಬೋಟ್‌ನ ಬಚ್ಚಲ ನೀರಿಗೂ ಒಂದು ಟ್ಯಾಂಕ್ ಬೇಕು

ಮಾನ್ಯ ಸಂಪಾದಕರೇ,

ನಮ್ಮ ಸೀತಾ, ಸ್ವರ್ಣಾ ಹೊಳೆಗಳ ಹಿನ್ನೀರಿನಲ್ಲಿ ಹೌಸ್‌ಬೋಟ್ ಪ್ರವಾಸದ ಫೋಟೋಗಳು ಪತ್ರಿಕೆಯಲ್ಲಿ ಆಗಾಗ ಬರುತ್ತವೆ. ನೋಡಲು ಚಂದ. ತೆಂಗಿನ ಸಾಲು, ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲಾ ಗಿಡ, ಸಂಜೆ ಬಿಸಿಲು, ಮೇಲೆ ಕೂತು ಚಹಾ ಕುಡಿಯುವ ಜನ. ಆದರೆ ಆ ಬೋಟಿನ ಪಕ್ಕಕ್ಕೆ, ನೀರಿನಿಂದ ಒಂದು ಗೇಣು ಮೇಲೆ, ಒಂದು ಸಣ್ಣ ತೂತು ಇರುತ್ತದೆ. ಯಾರ ಕಣ್ಣೂ ಅದರ ಮೇಲೆ ಹೋಗುವುದಿಲ್ಲ. ನನ್ನ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ, ಯಾಕೆಂದರೆ ಅಂಥ ತೂತು ಕೊರೆದು ಪೈಪ್ ಕೂರಿಸುವುದು ನನ್ನ ಕೆಲಸ. ಸ್ನಾನದ ನೀರು, ಸಿಂಕಿನ ನೀರು, ಮೀನು ಹುರಿದ ಬಾಣಲೆ ತೊಳೆದ ನೀರು, ಎಲ್ಲ ಅಲ್ಲಿಂದ ಸೀದಾ ಹೊಳೆಗೆ ಬೀಳುತ್ತದೆ. ಇದು ನಿಲ್ಲಬೇಕು ಅಂತ ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆದೀತು, ದಯವಿಟ್ಟು ಓದಿ.

ನಾನು ಹಂಗಾರಕಟ್ಟೆ ಕಡೆಯವನು. ಹನ್ನೊಂದು ವರ್ಷ ಹೊರದೇಶದ ಪ್ರವಾಸಿ ಹಡಗಿನಲ್ಲಿ ಪ್ಲಂಬರ್ ಆಗಿದ್ದೆ. ಈಗ ಊರಲ್ಲೇ ಬೋಟುಗಳ ಪಂಪು, ಪೈಪು, ವಾಲ್ವ್ ಕೆಲಸ ಮಾಡಿಕೊಂಡಿದ್ದೇನೆ. ಜೂನ್ 1ರಿಂದ ಜುಲೈ 31ರ ತನಕ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವ ಆ 61 ದಿನ, ನನಗೆ ಊಟಕ್ಕೂ ಪುರುಸೊತ್ತಿರುವುದಿಲ್ಲ. ಮೀನಿನ ಬೋಟುಗಳ ಜೊತೆ ಈಚೆಗೆ ಹೌಸ್‌ಬೋಟುಗಳೂ ರಿಪೇರಿಗೆ ಬರುತ್ತವೆ.

ಹೌಸ್‌ಬೋಟ್ ಅಂದ ಕೂಡಲೇ ಎಲ್ಲರೂ ಕೇಳುವುದು ಟಾಯ್ಲೆಟ್ ಬಗ್ಗೆ. ಅದು ಹೊಳೆಗೆ ಹೋಗುತ್ತದಾ, ಟ್ಯಾಂಕ್ ಇದೆಯಾ ಅಂತ. ಒಳ್ಳೆಯ ಪ್ರಶ್ನೆಯೇ, ಅದನ್ನು ಕೇಳಲೇಬೇಕು. ಜನ ಕೇಳಿ ಕೇಳಿಯೇ ಕೆಲವು ಮಾಲೀಕರು ಟಾಯ್ಲೆಟ್‌ಗೆ ಟ್ಯಾಂಕ್ ಹಾಕಿಸಿದ್ದಾರೆ. ಬಚ್ಚಲ ನೀರಿನ ವಿಷಯ ಎತ್ತಿದರೆ ಮಾತ್ರ ಒಂದೇ ಉತ್ತರ: "ಅದು ಸೋಪಿನ ನೀರು ಅಲ್ವಾ, ಅದರಿಂದ ಏನಾಗುತ್ತದೆ?"

ಏನಾಗುತ್ತದೆ ಅಂತ ಒಮ್ಮೆ ಲೆಕ್ಕ ಹಾಕಿ ನೋಡಿ. ಒಂದು ಸಾಧಾರಣ ಬೋಟಿನಲ್ಲಿ ರಾತ್ರಿ ಉಳಿಯುವ ಆರು ಜನ ಅತಿಥಿಗಳು, ಮೂವರು ಕೆಲಸದವರು. ಶವರ್ ಒಂದು ನಿಮಿಷಕ್ಕೆ ಎಂಟು ಹತ್ತು ಲೀಟರ್ ಬಿಡುತ್ತದೆ. ಒಬ್ಬರು ಐದು ನಿಮಿಷ ನಿಂತರೂ 40 ಲೀಟರ್ ಆಯಿತು, ಆರು ಜನಕ್ಕೆ 240. ಕೆಲಸದವರು ಬಕೆಟ್‌ನಲ್ಲಿ ಮಿಂದರೂ 60. ಮೂರು ಹೊತ್ತಿನ ಅಡುಗೆ, ಅಕ್ಕಿ ತೊಳೆಯುವುದು, ಪಾತ್ರೆ, ಕೈ ತೊಳೆಯುವುದು ಸೇರಿ ಇನ್ನೊಂದು ನೂರು. ಒಂದು ಬೋಟ್, ಒಂದು ರಾತ್ರಿ, ಸುಮಾರು 400 ಲೀಟರ್. ಮದುವೆ ಸೀಸನ್‌ನಲ್ಲಿ, ಕ್ರಿಸ್‌ಮಸ್ ರಜೆಯಲ್ಲಿ ಬೋಟ್ ಒಂದು ದಿನವೂ ಖಾಲಿ ಇರುವುದಿಲ್ಲ.

ಈ ನೀರಿನಲ್ಲಿ ಸೋಪು, ಶಾಂಪೂ, ಪಾತ್ರೆ ತೊಳೆಯುವ ಲಿಕ್ವಿಡ್, ಎಣ್ಣೆ, ಮಸಾಲೆ, ಗಂಜಿ, ಕೂದಲು ಎಲ್ಲ ಇರುತ್ತದೆ. ಅದರಲ್ಲೂ ಅಡುಗೆಮನೆಯ ಸಿಂಕಿನ ನೀರೇ ಜಾಸ್ತಿ ಕೆಟ್ಟದ್ದು. ಗಂಜಿ, ಎಣ್ಣೆ ನೀರಿನಲ್ಲಿ ಕೊಳೆಯುವಾಗ ಅಲ್ಲಿರುವ ಆಮ್ಲಜನಕವನ್ನು ತಿಂದುಬಿಡುತ್ತವೆ, ಮೀನಿಗೆ ಉಸಿರಾಡಲು ಉಳಿಯುವುದಿಲ್ಲ. ನೊರೆ ಬರಿಸುವ ರಾಸಾಯನಿಕ ಮೀನಿನ ಕಿವಿರಿಗೆ ತಾಗುತ್ತದೆ. ಇನ್ನು ಚಿಪ್ಪು, ನಾವು ಮರುವಾಯಿ ಅನ್ನುತ್ತೇವಲ್ಲ, ಅದು ಬದುಕುವುದೇ ನೀರನ್ನು ಒಳಗೆ ಎಳೆದು ಸೋಸಿ. ಹೊಳೆಯಲ್ಲಿ ಏನಿದೆಯೋ ಅದು ಚಿಪ್ಪಿನ ಹೊಟ್ಟೆಗೆ, ಅಲ್ಲಿಂದ ನಮ್ಮ ಊಟದ ಸುಕ್ಕ ಪಲ್ಯಕ್ಕೆ. ಇಳಿತದ ಹೊತ್ತಿಗೆ ಸೊಂಟದ ಮಟ್ಟ ನೀರಲ್ಲಿ ನಿಂತು ಚಿಪ್ಪು ಹೆಕ್ಕುವವರ ಪಕ್ಕದಲ್ಲೇ ಬೋಟ್ ಹಾದುಹೋಗುತ್ತದೆ, ಬಚ್ಚಲ ಪಂಪು ಗುರ್ ಅಂತ ಓಡುತ್ತದೆ. ನಾನು ಎಷ್ಟೋ ಸಲ ನೋಡಿದ್ದೇನೆ.

"ಸಮುದ್ರಕ್ಕೆ ಹೋಗುತ್ತದೆ ಬಿಡಿ" ಅನ್ನುವವರಿದ್ದಾರೆ. ಹೋಗುವುದಿಲ್ಲ. ಇದು ಉಬ್ಬರ ಇಳಿತದ ನೀರು. ಇಳಿತಕ್ಕೆ ಅಳಿವೆಯ ಕಡೆ ಹೋದದ್ದು ಭರತಕ್ಕೆ ತಿರುಗಿ ಒಳಗೆ ಬರುತ್ತದೆ. ಮಳೆಗಾಲದಲ್ಲಿ ಘಟ್ಟದಿಂದ ಬರುವ ಕೆಂಪು ನೀರು ಎಲ್ಲವನ್ನೂ ಕೊಚ್ಚಿಕೊಂಡು ಹೋಗುತ್ತದೆ, ನಿಜ. ಆದರೆ ಆಗ ಪ್ರವಾಸಿಗರೇ ಇರುವುದಿಲ್ಲ. ಜನ ಬರುವುದು ಡಿಸೆಂಬರ್‌ನಿಂದ ಮೇ ತನಕ, ಹೊಳೆಯಲ್ಲಿ ಮೇಲಿಂದ ನೀರು ಕಡಿಮೆಯಾಗಿ ಕುದ್ರುಗಳ, ಅಂದರೆ ಹೊಳೆ ನಡುವಿನ ನಡುಗಡ್ಡೆಗಳ, ಸುತ್ತ ನೀರು ಹಿಂದೆ ಮುಂದೆ ತೂಗಾಡುತ್ತಿರುವ ಕಾಲದಲ್ಲೇ. ಹೊಳೆ ಸೊರಗಿದ ಹೊತ್ತಿಗೇ ನಾವು ಅದಕ್ಕೆ ಜಾಸ್ತಿ ಕೊಳೆ ಸುರಿಯುತ್ತಿದ್ದೇವೆ.

ಈಗ ನನ್ನ ಕೆಲಸದ ವಿಷಯಕ್ಕೆ ಬರುತ್ತೇನೆ, ಮಾಲೀಕರು ಇದನ್ನು ಓದಲೇಬೇಕು.

ಬೋಟಿನಲ್ಲಿ ಸಿಂಕ್ ಸೊಂಟದೆತ್ತರಕ್ಕೆ ಇರುತ್ತದೆ. ಹೊರಗಿನ ನೀರಿನ ಮಟ್ಟಕ್ಕಿಂತ ಮೇಲೆ. ಹಾಗಾಗಿ ಅದರ ನೀರು ತಾನಾಗಿ ಇಳಿದು ಹೋಗುತ್ತದೆ. ಬಚ್ಚಲ ನೆಲ ಹಾಗಲ್ಲ. ಅದು ಎಷ್ಟೋ ಬೋಟುಗಳಲ್ಲಿ ಹೊರಗಿನ ನೀರಿಗಿಂತ ಕೆಳಗಿರುತ್ತದೆ. ಅಲ್ಲಿ ನೀರು ತಾನಾಗಿ ಹೊರಗೆ ಹೋಗುವುದು ಸಾಧ್ಯವೇ ಇಲ್ಲ. ಅದಕ್ಕೆ ಬಚ್ಚಲ ಕೆಳಗೆ ಒಂದು ಸಣ್ಣ ಪೆಟ್ಟಿಗೆ ಇಡುತ್ತೇವೆ. ಅದರಲ್ಲಿ ಕೂದಲು ತಡೆಯುವ ಜಾಲರಿ, 12 ವೋಲ್ಟಿನ ಒಂದು ಪಂಪು, ನೀರು ಏರಿದಾಗ ಪಂಪು ಚಾಲೂ ಮಾಡುವ ಫ್ಲೋಟ್ ಸ್ವಿಚ್. ಪಂಪು ನೀರನ್ನು ಮೇಲಕ್ಕೆತ್ತಿ ಪಕ್ಕದ ತೂತಿನಿಂದ ಹೊರಗೆ ಹಾಕುತ್ತದೆ. ಆ ಪೈಪನ್ನು ಹೊರಗಿನ ನೀರಿನ ಮಟ್ಟಕ್ಕಿಂತ ಸಾಕಷ್ಟು ಮೇಲೆ ಬಳಸಿ, ಮೇಲ್ತುದಿಯಲ್ಲಿ ಗಾಳಿ ಎಳೆಯುವ ಒಂದು ವಾಲ್ವ್ ಇಟ್ಟು, ಆಮೇಲೆ ಕೆಳಗೆ ತರಬೇಕು. ಈ ಒಂದು ಬಳಸು ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ನಾನೇ ಸಾಕ್ಷಿ.

ಎರಡು ವರ್ಷದ ಹಿಂದೆ ಬೆಳಗಿನ ಜಾವ ಐದಕ್ಕೆ ಒಬ್ಬ ಮಾಲೀಕರ ಫೋನ್ ಬಂತು. "ಬಚ್ಚಲಲ್ಲಿ ನೀರು ಮೇಲೆ ಬರ್ತಾ ಉಂಟು, ಬೇಗ ಬನ್ನಿ ಮಾರಾಯ್ರೇ." ಹೋಗಿ ನೋಡಿದರೆ ರೂಮಿನ ಚಾಪೆ ತೇಲುತ್ತಿದೆ, ಒಂದು ಪುಟ್ಟ ಮಗು ಮಂಚದ ಮೇಲೆ ನಿಂತು ಅಳುತ್ತಿದೆ. ಬೋಟ್ ಕಟ್ಟುವಾಗ ಆ ತೂತು ನೀರಿಗಿಂತ ಮೇಲೇ ಇತ್ತು. ಆಮೇಲೆ ಜನರೇಟರ್ ಬಂತು, ಎಸಿ ಬಂತು, ಮೇಲೊಂದು ನೀರಿನ ಟ್ಯಾಂಕ್ ಬಂತು, ಆ ರಾತ್ರಿ ಹುಟ್ಟುಹಬ್ಬಕ್ಕೆ ಜನವೂ ಹೆಚ್ಚಿದ್ದರು. ಬೋಟ್ ತಗ್ಗಿತು, ತೂತು ನೀರಿನ ಕೆಳಗೆ ಹೋಯಿತು. ಪೈಪಿಗೆ ಮೇಲಿನ ಬಳಸು ಇರಲಿಲ್ಲ. ಕೊನೆಯ ಸ್ನಾನ ಮುಗಿದು ಪಂಪು ನಿಂತಿತು, ಪೈಪಿನೊಳಗೆ ನೀರು ತುಂಬಿಯೇ ಇತ್ತು, ಅದೇ ಪೈಪಿನಲ್ಲಿ ಹೊಳೆಯ ನೀರು ಸದ್ದಿಲ್ಲದೆ ಒಳಗೆ ಇಳಿಯತೊಡಗಿತು. ಪೆಟ್ಟಿಗೆ ತುಂಬಿ ಬೋಟಿನ ತಳಕ್ಕೆ ಹರಿಯಿತು. ತಳದ ಪಂಪು ಆಗಲಾದರೂ ಓಡಬೇಕಿತ್ತು. ಓಡಲಿಲ್ಲ. ಬಿಚ್ಚಿ ನೋಡಿದೆ. ಸೋಪಿನ ಜಿಗುಟು, ಅನ್ನದ ಅಗುಳು, ಒಂದು ಮುಷ್ಟಿ ಉದ್ದ ಕೂದಲು. ಫ್ಲೋಟ್ ಸ್ವಿಚ್ ಆ ಅಂಟಿನಲ್ಲಿ ಸಿಕ್ಕಿಕೊಂಡು ಮೇಲೇಳಲೇ ಇಲ್ಲ. ಪೆಟ್ಟಿಗೆ ಪದೇ ಪದೇ ಕಟ್ಟಿಕೊಳ್ಳುತ್ತದೆ ಅಂತ ಯಾರೋ ಮೊದಲೇ ಬಚ್ಚಲ ನೀರನ್ನು ಸ್ವಲ್ಪ ತಳಕ್ಕೇ ಬಿಟ್ಟಿದ್ದರು. ತಳದ ಪಂಪು ಇರುವುದು ಬೋಟ್ ಮುಳುಗದಂತೆ ಕಾಯಲು. ಅದಕ್ಕೆ ಬಚ್ಚಲ ಕೊಳೆ ತಿನ್ನಿಸಬಾರದು. ಇದನ್ನು ನಾನು ಪ್ರತಿ ಬೋಟಿನಲ್ಲೂ ಹೇಳುತ್ತೇನೆ.

ಆವತ್ತು ಯಾರಿಗೂ ಏನೂ ಆಗಲಿಲ್ಲ. ದಡ ಹತ್ತಿರ ಇತ್ತು.

ಹಾಗೇ ವಾಲ್ವ್ ಬಗ್ಗೆಯೂ ಒಂದು ಮಾತು. ಹಾರ್ಡ್‌ವೇರ್ ಅಂಗಡಿಯ ಹಿತ್ತಾಳೆ ವಾಲ್ವ್ ತಂದು ಬೋಟಿನ ತಳಕ್ಕೆ ಹಾಕುತ್ತಾರೆ. ಉಪ್ಪುನೀರಿನಲ್ಲಿ ಹಿತ್ತಾಳೆಯೊಳಗಿನ ಸತು ಕರಗಿಹೋಗುತ್ತದೆ. ಹೊರಗೆ ನೋಡಿದರೆ ಗಟ್ಟಿ, ಕೆರೆದರೆ ಒಳಗೆ ಗುಲಾಬಿ ಬಣ್ಣದ ಪೊಳ್ಳು ತಾಮ್ರ. ಕೈಯಲ್ಲಿ ತಿರುಗಿಸುವಾಗಲೇ ಮುರಿದದ್ದನ್ನು ಕಂಡಿದ್ದೇನೆ. ನೀರಿನ ಮಟ್ಟದ ಕೆಳಗೆ ಹಾಕುವುದಾದರೆ ಕಂಚಿನದ್ದು ಹಾಕಿ, ಪೈಪಿಗೆ ಸ್ಟೀಲ್ ಕ್ಲಿಪ್ ಎರಡೆರಡು ಹಾಕಿ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಬಚ್ಚಲ ನೀರಿಗೆ ಬೋಟಿನೊಳಗೇ ಒಂದು ಟ್ಯಾಂಕ್ ಇಟ್ಟರೆ ಈ ತೂತುಗಳೇ ಬೇಡ. ಸಿಂಕಿನ ನೀರು ತಾನಾಗಿ ಟ್ಯಾಂಕಿಗೆ ಇಳಿಯುತ್ತದೆ. ಬಚ್ಚಲ ಪಂಪು ಹೊಳೆಗೆ ಹಾಕುವ ಬದಲು ಟ್ಯಾಂಕಿಗೆ ಹಾಕುತ್ತದೆ. ದಡಕ್ಕೆ ಬಂದಾಗ ಮೇಲಿನಿಂದ ಪೈಪ್ ಹಾಕಿ ಎಳೆದುಕೊಂಡರೆ ಆಯಿತು. ಬೋಟಿನ ಪಕ್ಕ ಕೊರೆಯುವುದು ಕಡಿಮೆಯಾದಷ್ಟೂ ಮುಳುಗುವ ಭಯ ಕಡಿಮೆ. ಹೊಳೆಯ ಮೇಲೆ ಪ್ರೀತಿ ಇಲ್ಲದಿದ್ದರೂ ಬೋಟಿನ ಮೇಲೆ ಪ್ರೀತಿ ಇರುವ ಮಾಲೀಕರು ಇದನ್ನು ಮಾಡಿಸಬೇಕು.

ಸುಲಭ ಅಂತ ಸುಮ್ನೆ ಹೇಳುವುದಿಲ್ಲ, ತೊಂದರೆಗಳೂ ಇವೆ. 500 ಲೀಟರ್ ನೀರು ಅಂದರೆ ಅರ್ಧ ಟನ್ ಭಾರ. ಅದನ್ನು ಒಂದು ಮೂಲೆಯಲ್ಲಿಟ್ಟರೆ ಬೋಟ್ ವಾಲುತ್ತದೆ. ಅರ್ಧ ತುಂಬಿದ ದೊಡ್ಡ ಟ್ಯಾಂಕಿನಲ್ಲಿ ನೀರು ಅತ್ತಿತ್ತ ಹೊಡೆದು ಬೋಟನ್ನು ಇನ್ನೂ ಜಾಸ್ತಿ ಅಲ್ಲಾಡಿಸುತ್ತದೆ. ಹಾಗಾಗಿ ಒಂದು ದೊಡ್ಡದರ ಬದಲು ಎರಡು ಸಣ್ಣ ಟ್ಯಾಂಕ್, ನಡು ಭಾಗದಲ್ಲಿ, ತಳಕ್ಕೆ ಹತ್ತಿರ, ಒಳಗೆ ಅಡ್ಡ ಹಲಗೆ ಇರುವಂಥದ್ದು ಬೇಕು. ವಾಸನೆ ಇನ್ನೊಂದು ತೊಂದರೆ. ಬಚ್ಚಲ ನೀರು ಎರಡು ದಿನ ಮುಚ್ಚಿಟ್ಟರೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಟಾಯ್ಲೆಟ್ ಟ್ಯಾಂಕಿಗಿಂತ ಕಡಿಮೆಯೇನಲ್ಲ. ಅದಕ್ಕೆ ಟ್ಯಾಂಕಿನಿಂದ ಮೇಲಕ್ಕೆ ಒಂದು ಗಾಳಿಪೈಪ್, ಅಡುಗೆ ಸಿಂಕಿನ ಕೆಳಗೆ ಎಣ್ಣೆ ತಡೆಯುವ ಡಬ್ಬಿ, ಪ್ರತಿದಿನ ಖಾಲಿ ಮಾಡುವ ಅಭ್ಯಾಸ ಬೇಕು. ಪೈಪು ಒಳಗೆ ನುಣುಪಾಗಿರಬೇಕು. ಸುಕ್ಕುಸುಕ್ಕಿನ ಪೈಪಿನಲ್ಲಿ ಪ್ರತಿ ಸುಕ್ಕಿನಲ್ಲೂ ಸೋಪು ಕೂತು ನಾರುತ್ತದೆ. ಬಾಣಲೆ, ತಟ್ಟೆಯನ್ನು ಸಿಂಕಿಗೆ ಹಾಕುವ ಮುಂಚೆ ಒಂದು ಕಾಗದದಲ್ಲಿ ಒರೆಸಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಟ್ಯಾಂಕು, ಪೈಪು, ಕೂಲಿ ಎಲ್ಲ ಸೇರಿದರೂ ನನ್ನ ಲೆಕ್ಕದಲ್ಲಿ ಎರಡು ರೂಮಿಗೆ ಎಸಿ ಹಾಕಿಸುವ ಖರ್ಚಿಗಿಂತ ಜಾಸ್ತಿ ಆಗುವುದಿಲ್ಲ.

ಹಡಗಿನಲ್ಲಿದ್ದಾಗ ನಾನು ಕಲಿತದ್ದು ಇದನ್ನೇ. ಸಮುದ್ರದ ಹಡಗುಗಳಿಗೆ ಮಾರ್ಪೋಲ್ ಅಂತ ಅಂತರರಾಷ್ಟ್ರೀಯ ಒಪ್ಪಂದ ಇದೆ. ಅದರ ನಾಲ್ಕನೇ ಅನುಬಂಧ ಟಾಯ್ಲೆಟ್ ಕೊಳಚೆಯ ಬಗ್ಗೆ. ಬರೀ ಬಚ್ಚಲು, ಸಿಂಕಿನ ನೀರು ಅದರೊಳಗೆ ಬರುವುದಿಲ್ಲ, ಟಾಯ್ಲೆಟ್ ನೀರಿನ ಜೊತೆ ಬೆರೆತರೆ ಮಾತ್ರ ಬರುತ್ತದೆ. "ಸೋಪಿನ ನೀರು ತಾನೇ" ಅನ್ನುವ ಮಾತು ಹಡಗಿನವರ ಬಾಯಲ್ಲೂ ಇರುವುದು ಅದಕ್ಕೇ. ಆದರೆ ನಮ್ಮ ಹಡಗು ಬೇಸಿಗೆಯಲ್ಲಿ ಅಲಾಸ್ಕಾಕ್ಕೆ ಹೋದಾಗ ಕಥೆಯೇ ಬೇರೆ. ಅಲ್ಲಿಗೆ ಬರುವ ಪ್ರವಾಸಿ ಹಡಗುಗಳಿಗಾಗಿ ಅಮೆರಿಕ 2000ದಲ್ಲೇ ಪ್ರತ್ಯೇಕ ಕಾನೂನು ಮಾಡಿದೆ. ಬಚ್ಚಲ ನೀರನ್ನೂ ದಡದಿಂದ ಒಂದು ನಾಟಿಕಲ್ ಮೈಲಿಗಿಂತ ದೂರದಲ್ಲಿ, ಹಡಗು ಆರು ನಾಟ್‌ಗಿಂತ (ಗಂಟೆಗೆ ಸುಮಾರು 11 ಕಿ.ಮೀ.) ಕಡಿಮೆಯಿಲ್ಲದ ವೇಗದಲ್ಲಿ ಓಡುತ್ತಿರುವಾಗ ಮಾತ್ರ ಬಿಡಬಹುದು. ಬಂದರಿನಲ್ಲಿ ಬಿಡಬೇಕಾದರೆ ಅದನ್ನು ಚೆನ್ನಾಗಿ ಶುದ್ಧ ಮಾಡುವ ಯಂತ್ರ ಬೇಕು, ಪರೀಕ್ಷೆ ಪಾಸಾಗಬೇಕು. ದಡ ಹತ್ತಿರ ಬರುವ ಮುಂಚೆ ವಾಲ್ವ್ ಮುಚ್ಚಿ, ಸೀಲ್ ಹಾಕಿ, ಪುಸ್ತಕದಲ್ಲಿ ಗಂಟೆ ನಿಮಿಷ ಬರೆಯುತ್ತಿದ್ದೆವು. ಸಾವಿರಾರು ಜನ ಮೀಯುವ ಹಡಗು ಅದು. ಅವರಿಗೆ ಆಗುವುದಾದರೆ ಆರು ಜನರ ಬೋಟಿಗೆ ಯಾಕೆ ಆಗಬಾರದು? ಅದೇ ದೇಶದಲ್ಲಿ ಐದು ಮಹಾ ಸರೋವರಗಳ ವ್ಯಾಪಾರಿ ಹಡಗುಗಳ ಬಚ್ಚಲ ನೀರನ್ನೂ ಕಾನೂನು ಕೊಳಚೆ ಅಂತಲೇ ಲೆಕ್ಕ ಹಿಡಿಯುತ್ತದೆ. ಸಮುದ್ರಕ್ಕಿಂತ ಕೆರೆ, ಹಿನ್ನೀರು ಬೇಗ ಕೆಡುತ್ತದೆ ಅನ್ನುವುದು ಅವರಿಗೆ ಗೊತ್ತಿದೆ.

ದೂರದ ಮಾತು ಬೇಡ ಅಂದರೆ ಪಕ್ಕದ ಕೇರಳ ನೋಡಿ. ಒಬ್ಬ ಮಾಲೀಕರ ಜೊತೆ ಬೋಟಿನ ಕೆಲಸ ನೋಡಿಕೊಂಡು ಬರಲು ಆಲಪ್ಪುಳಕ್ಕೆ ಹೋಗಿದ್ದೆ. ಹಿಂದೆ ಅಕ್ಕಿ ಸಾಗಿಸುತ್ತಿದ್ದ ಕೆಟ್ಟುವಳ್ಳಂ ದೋಣಿಗಳನ್ನೇ ಹೌಸ್‌ಬೋಟ್ ಮಾಡಿದ ಊರು ಅದು. ಕುಶಲತೆ ನೋಡಿ ಖುಷಿಯಾಯಿತು. ಆದರೆ ಬೆಳಿಗ್ಗೆ ಎಂಟು ಗಂಟೆಗೆ ಸಾಲಾಗಿ ನಿಂತ ಬೋಟುಗಳಿಂದ ಒಟ್ಟಿಗೆ ಬಚ್ಚಲ ನೀರು ಸುರಿಯುವ ಸದ್ದು, ನೀರಿನ ಮೇಲೆ ತೇಲುವ ಬಿಳಿ ನೊರೆ, ಹತ್ತು ಮಾರು ಆಚೆ ಮೆಟ್ಟಿಲ ಮೇಲೆ ಕೂತು ಅದೇ ನೀರಿನಲ್ಲಿ ಪಾತ್ರೆ ತೊಳೆಯುತ್ತಿದ್ದ ಒಬ್ಬ ಅಮ್ಮ. ಅಲ್ಲಿನ ವೆಂಬನಾಡ್ ಕೆರೆ 2002ರಲ್ಲೇ ರಾಮ್‌ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದ ಜಾಗ. ಬೇಸಿಗೆಯಲ್ಲಿ ಗದ್ದೆಗೆ ಉಪ್ಪುನೀರು ಬಾರದಂತೆ ತಣ್ಣೀರ್‌ಮುಕ್ಕಂ ಕಟ್ಟದ ಬಾಗಿಲು ಹಾಕುತ್ತಾರೆ, ನೀರು ನಿಂತೇಬಿಡುತ್ತದೆ. ಅಲ್ಲಿ ಬೋಟುಗಳು ನೂರಾರಾದ ಮೇಲೆ ಪ್ರತಿಯೊಂದಕ್ಕೂ ಟ್ಯಾಂಕ್ ಹಾಕಿಸಿ ಅನ್ನುವುದು ಎಷ್ಟು ಕಷ್ಟ ಯೋಚಿಸಿ. ನಮ್ಮಲ್ಲಿ ಇನ್ನೂ ಬೆರಳೆಣಿಕೆಯಷ್ಟೇ ಇವೆ. ಈಗಲೇ ಮಾಡಿದರೆ ಆಗುವ ಕೆಲಸ ಇದು. ನಮ್ಮ ಅಘನಾಶಿನಿ ಅಳಿವೆ 2024ರಲ್ಲಿ ಅದೇ ರಾಮ್‌ಸರ್ ಪಟ್ಟಿಗೆ ಸೇರಿದೆ, ಶರಾವತಿಯಲ್ಲಿ ಕಾಂಡ್ಲಾ ನೋಡಲು ಜನ ದೋಣಿ ಹತ್ತುತ್ತಿದ್ದಾರೆ. ನಾಳೆ ಅಲ್ಲೂ ರೂಮು, ಬಚ್ಚಲು ಇರುವ ಬೋಟುಗಳು ಬಂದೇ ಬರುತ್ತವೆ.

ನನಗೆ ಅರ್ಥವಾಗದ ಒಂದು ವಿಷಯ ಇದೆ. ನಮ್ಮೂರಿನ ಯಾವ ಮನೆಗೆ ಹೋದರೂ ಬಚ್ಚಲ ನೀರಿಗೆ ಒಂದು ದಾರಿ ಇರುತ್ತದೆ. ತೆಂಗಿನ ಬುಡಕ್ಕೆ, ಬಾಳೆಯ ಹೊಂಡಕ್ಕೆ, ಕೆಸುವಿನ ಪಾತಿಗೆ. ನಮ್ಮ ಅಜ್ಜಿ ಬಾವಿಯ ಹತ್ತಿರ ಒಂದು ತಂಬಿಗೆ ಸೋಪು ನೀರು ಚೆಲ್ಲಿದರೆ ಬೈಯುತ್ತಿದ್ದರು. ಆಗ ತಲೆಗೆ ಸೀಗೆ, ಪಾತ್ರೆಗೆ ಬೂದಿ, ಆದರೂ ಬಾವಿಯ ಹತ್ತಿರ ಬೇಡ ಅನ್ನುತ್ತಿದ್ದರು. ಅದೇ ಊರಿನವರು ಬೋಟ್ ಕಟ್ಟುವಾಗ ಈ ಬುದ್ಧಿ ದಡದಲ್ಲೇ ಬಿಟ್ಟು ಹತ್ತುವುದು ಹೇಗೆ? ನಾನೂ ಕೆಲವು ಬೋಟುಗಳಿಗೆ ಹಾಗೇ ಪೈಪ್ ಹಾಕಿಕೊಟ್ಟಿದ್ದೇನೆ. ಮಾಲೀಕರು ಹೇಳಿದ್ದಾರೆ, ಮಾಡಿದ್ದೇನೆ. ಕಳೆದ ವರ್ಷದಿಂದ ಟ್ಯಾಂಕ್ ಇಲ್ಲದೆ ಹೊಸ ಬೋಟಿನ ಕೆಲಸ ಒಪ್ಪಿಕೊಳ್ಳುತ್ತಿಲ್ಲ. ಒಂದು ಕೆಲಸ ಕೈಬಿಟ್ಟಿತು, ಆ ಬೋಟಿಗೆ ಬೇರೆಯವರು ತೂತು ಕೊರೆದುಕೊಟ್ಟರು. ಒಬ್ಬ ಫಿಟ್ಟರ್ ಬೇಡ ಅಂದರೆ ಸಾಲುವುದಿಲ್ಲ, ಅದಕ್ಕೇ ನಿಮಗೆ ಬರೆಯುತ್ತಿರುವುದು.

ಟ್ಯಾಂಕ್ ಹಾಕಿಸಿದವರೂ ನನಗೆ ಕೇಳುವ ಪ್ರಶ್ನೆ ಒಂದೇ: "ತುಂಬಿದ ಮೇಲೆ ಎಲ್ಲಿ ಖಾಲಿ ಮಾಡುವುದು?" ನ್ಯಾಯವಾದ ಪ್ರಶ್ನೆ. ನಾನು ಕೆಲಸಕ್ಕೆ ಹೋಗುವ ಯಾವ ಧಕ್ಕೆಯಲ್ಲೂ ಅದಕ್ಕೆ ವ್ಯವಸ್ಥೆ ಇಲ್ಲ. ಆಗ ಕತ್ತಲಲ್ಲಿ ಹೊಳೆಗೇ ಬಿಡುತ್ತಾರೆ, 400 ಲೀಟರ್ ಒಂದೇ ಜಾಗದಲ್ಲಿ, ಅದು ಇನ್ನೂ ಕೆಟ್ಟದ್ದು. ಹಾಗಾಗಿ ಟ್ಯಾಂಕಿನ ನಿಯಮ, ಧಕ್ಕೆಯ ಪಂಪು ಎರಡೂ ಒಟ್ಟಿಗೆ ಬರಬೇಕು. ಬೋಟ್ ನಿಲ್ಲುವಲ್ಲಿ ಒಂದು ಎಳೆಯುವ ಪಂಪು, ಉದ್ದ ಪೈಪು, ದಡದಲ್ಲಿ ಎಣ್ಣೆ, ಕೆಸರು ಕೂರುವ ತೊಟ್ಟಿ. ಅಲ್ಲಿಂದ ನೀರು ಹೊಳೆಯಿಂದ ದೂರದ ಬಾಳೆ, ತೆಂಗಿನ ತೋಟಕ್ಕೆ ಹೋಗಲಿ. ಹೊಳೆ ಬದಿಯ ಮರಳಿನಲ್ಲಿ ಹೊಂಡ ತೋಡಿ ಬಿಟ್ಟರೆ ಪ್ರಯೋಜನ ಇಲ್ಲ, ಅದು ಇಳಿದು ಬಾವಿಗೋ ಹೊಳೆಗೋ ಸೇರುತ್ತದೆ. ಟಾಯ್ಲೆಟ್ ಟ್ಯಾಂಕಿನದ್ದನ್ನು ಮಾತ್ರ ಗುಂಡಿ ಖಾಲಿ ಮಾಡುವ ಟ್ಯಾಂಕರ್‌ನವರು ಶುದ್ಧೀಕರಣ ಘಟಕಕ್ಕೇ ಒಯ್ಯಬೇಕು. ಎರಡನ್ನೂ ಬೇರೆ ಬೇರೆ ಇಟ್ಟರೆ ಮಾತ್ರ ಇದು ಆಗುತ್ತದೆ, ಬೆರೆಸಿದರೆ ಎಲ್ಲವೂ ಟಾಯ್ಲೆಟ್ ಕೊಳಚೆಯೇ.

ಕಾನೂನಿಗೆ ಹೊಸದಾಗಿ ಹುಡುಕಬೇಕಿಲ್ಲ. 1917ರ ಹಳೆಯ ಕಾಯ್ದೆಯ ಬದಲು 2021ರಲ್ಲಿ ಒಳನಾಡು ಹಡಗುಗಳ ಕಾಯ್ದೆ ಬಂದಿದೆ. ಅದರಲ್ಲಿ ಮಾಲಿನ್ಯ ತಡೆಗೆ ಒಂದು ಅಧ್ಯಾಯವೇ ಇದೆ. ಸರ್ವೆ, ನೋಂದಣಿ ಮಾಡುವ ಅಧಿಕಾರಿಗಳು ರಾಜ್ಯ ಸರ್ಕಾರದವರೇ. ಸರ್ವೆಗೆ ಬಂದವರು ಲೈಫ್ ಜಾಕೆಟ್ ಎಣಿಸುತ್ತಾರೆ, ಬೆಂಕಿ ನಂದಿಸುವ ಸಿಲಿಂಡರ್ ನೋಡುತ್ತಾರೆ. ಒಂದು ಬಕೆಟ್ ಬಣ್ಣದ ನೀರು ಬಚ್ಚಲಿಗೆ ಸುರಿದು ಹೊರಗೆ ಬಂದು ನಿಲ್ಲಲಿ. ಹೊಳೆಯಲ್ಲಿ ಬಣ್ಣ ಕಂಡರೆ ಆ ಬೋಟಿಗೆ ಪರವಾನಗಿ ಬೇಡ. ಎರಡು ನಿಮಿಷದ ಕೆಲಸ, ಯಾವ ಉಪಕರಣವೂ ಬೇಕಿಲ್ಲ. ಈಗಾಗಲೇ ಇರುವ ಬೋಟುಗಳಿಗೆ ಒಂದು ಮಳೆಗಾಲದ ಸಮಯ ಕೊಡಲಿ, ಹೇಗೂ ಆಗ ಅವು ಮೇಲೆ ಬಂದಿರುತ್ತವೆ.

ಬೋಟ್ ಬುಕ್ ಮಾಡುವವರಿಗೂ ಒಂದು ಕೋರಿಕೆ. ಎಸಿ ಇದೆಯಾ, ಮೀನೂಟ ಇದೆಯಾ ಅಂತ ಕೇಳುವ ಫೋನಿನಲ್ಲೇ "ಬಚ್ಚಲ ನೀರಿಗೆ ಟ್ಯಾಂಕ್ ಇದೆಯಾ" ಅಂತಲೂ ಕೇಳಿ. ಹತ್ತು ಜನ ಕೇಳಿದರೆ ಮಾಲೀಕರು ಹನ್ನೊಂದನೆಯವರಿಗೆ ಹಾಕಿಸಿ ಇಡುತ್ತಾರೆ, ಟಾಯ್ಲೆಟ್ ವಿಷಯದಲ್ಲಿ ಹೀಗೇ ಆಗಿದ್ದು. ಇಲ್ಲ ಅಂದರೆ ಆ ಒಂದು ರಾತ್ರಿ ಸೋಪು ಇಲ್ಲದೆ ಮೀಯಿರಿ, ಬೆಳಿಗ್ಗೆ ಮನೆಗೆ ಹೋಗಿ ತಲೆಗೆ ಶಾಂಪೂ ಹಾಕಿಕೊಳ್ಳಿ.

ನನ್ನಿಂದ ಆಗುವುದನ್ನು ನಾನು ಮಾಡುತ್ತೇನೆ. ಬರುವ ಜೂನ್‌ನಲ್ಲಿ ಬೋಟ್ ಮೇಲೆ ಎಳೆದಾಗ ಯಾವ ಹೌಸ್‌ಬೋಟ್ ಮಾಲೀಕರು ಕರೆದರೂ ಬಂದು, ಟ್ಯಾಂಕ್ ಎಲ್ಲಿ ಕೂರುತ್ತದೆ, ಎಷ್ಟು ದೊಡ್ಡದು ಬೇಕು, ಪೈಪ್ ಯಾವ ದಾರಿ ಅಂತ ಅಳತೆ ತೆಗೆದು ಚೀಟಿಯಲ್ಲಿ ಬರೆದುಕೊಡುತ್ತೇನೆ, ಅದಕ್ಕೆ ದುಡ್ಡು ಬೇಡ. ಕೆಲಸ ಬೇಕಾದರೆ ಬೇರೆಯವರ ಕೈಲೇ ಮಾಡಿಸಿಕೊಳ್ಳಲಿ. ಧಕ್ಕೆಯಲ್ಲಿ ಬೋಟ್ ಫಿಟ್ಟರ್ ಎಲ್ಲಿ ಅಂತ ಕೇಳಿದರೆ ಯಾರಾದರೂ ತೋರಿಸುತ್ತಾರೆ.

ಇಂತಿ,
ಒಬ್ಬ ಬೋಟ್ ಫಿಟ್ಟರ್
ಹಂಗಾರಕಟ್ಟೆ, ಉಡುಪಿ ಜಿಲ್ಲೆ